ಕಿಲೋಮೀಟರಿಗೆ ಒಂದೂಕಾಲು ನಿಮಿಷದ ಸಾಲ

ಶಾಲೆ ಬಿಟ್ಟ ಮೇಲೆ ನಾನು ಮೊದಲ ಸಲ ಓಡಿದ್ದು ನೈಟಿಯ ಮೇಲೊಂದು ವೇಲು ಹೊದ್ದುಕೊಂಡು, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು. 2022ರ ಮಳೆಗಾಲ. ಬೆಳಗ್ಗೆ ಐದೂವರೆಗೆ ಎದ್ದು ನೋಡಿದರೆ ಮುಂಬಾಗಿಲು ತೆರೆದಿತ್ತು. ಅಮ್ಮ ಮಂಚದಲ್ಲಿರಲಿಲ್ಲ.

ಅಮ್ಮನಿಗೆ ಮರೆವು ಶುರುವಾಗಿ ಆಗ ಎರಡು ವರ್ಷ. ಮೊದಮೊದಲು ವಯಸ್ಸಾಯ್ತು, ಅರಳು ಮರಳು ಅಂದುಕೊಂಡೆವು. ಆಮೇಲೆ ಡಾಕ್ಟರು ಡಿಮೆನ್ಷಿಯಾ ಅಂದರು. ನಮ್ಮ ಮನೆಯವರಿಗೆ ಹುಬ್ಬಳ್ಳಿಯಲ್ಲಿ ಕೆಲಸ, ತಿಂಗಳಿಗೆರಡು ಸಲ ಬರುವುದು. ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿ. ಮನೆಯಲ್ಲಿ ಇದ್ದಿದ್ದು ಅಮ್ಮ, ನಾನು, ಮತ್ತೆ ನಾನು ಬ್ಯಾಂಕಿಗೆ ಹೋದಾಗ ನೋಡಿಕೊಳ್ಳುವ ಒಬ್ಬ ಹೆಂಗಸು.

ಮೈಸೂರಿನ ಕುವೆಂಪುನಗರದ ನಾಲ್ಕು ರಸ್ತೆ ಓಡಿ ಹಾಲಿನ ಬೂತಿನ ಹತ್ತಿರ ಬಂದು ನಿಂತೆ. ಉಸಿರು ಸಿಕ್ಕಿಕೊಂಡು ಮಾತೇ ಹೊರಡಲಿಲ್ಲ. ಅಲ್ಲಿ ಟೀಶರ್ಟು ತೊಟ್ಟ ಆರೇಳು ಜನ ಗೋಡೆಗೆ ಕೈ ಕೊಟ್ಟು ಕಾಲು ಎಳೆದುಕೊಳ್ಳುತ್ತಿದ್ದರು. ಅವರಲ್ಲೊಬ್ಬ ಬಿಳಿ ಮೀಸೆಯವರು, "ಏನಾಯ್ತು ಮೇಡಂ?" ಅಂದರು. ಹೇಳಿದೆ. ಸೀರೆ ಬಣ್ಣ ಯಾವುದು ಅಂತ ಮಾತ್ರ ಕೇಳಿದರು. ಇಬ್ಬಿಬ್ಬರಾಗಿ ಒಂದೊಂದು ದಿಕ್ಕಿಗೆ ಓಡಿಬಿಟ್ಟರು. ಹತ್ತು ನಿಮಿಷದಲ್ಲಿ ಅಮ್ಮ ಸಿಕ್ಕಿದರು. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ನಂಜನಗೂಡು ಬಸ್ಸಿಗೆ ಕಾಯುತ್ತಿದ್ದರಂತೆ. ನಂಜನಗೂಡು ಅವರ ತವರು. ಅಲ್ಲಿ ಯಾರೂ ಉಳಿದಿಲ್ಲ ಅನ್ನುವುದು ಅವರಿಗೆ ಮರೆತುಹೋಗಿತ್ತು.

ಬಿಳಿ ಮೀಸೆಯವರು ಸೇನೆಯಿಂದ ನಿವೃತ್ತರಾದ ಸುಬೇದಾರರು. ಅಮ್ಮನನ್ನು ಕೈಹಿಡಿದು ಕರೆತಂದು ಒಪ್ಪಿಸಿ, ನನ್ನ ಕಾಲು ನೋಡಿ ಹೇಳಿದರು: "ಮೇಡಂ, ಈ ಚಪ್ಪಲೀಲಿ ಇಷ್ಟು ಜೋರಾಗಿ ಓಡ್ತೀರಲ್ಲ. ಒಂದು ಶೂ ತಗೊಂಡು ನಿಧಾನಕ್ಕೆ ಓಡಿ ನೋಡಿ."

ನನ್ನ ಮ್ಯಾರಥಾನ್ ಶುರುವಾಗಿದ್ದು ಹೀಗೆ.

2025ರ ಜನವರಿ 19ರಂದು ಮುಂಬೈ ಮ್ಯಾರಥಾನಿನಲ್ಲಿ 42.195 ಕಿ.ಮೀ. ಓಡಿ ಮುಗಿಸಿದೆ. 5 ಗಂಟೆ 52 ನಿಮಿಷ. ಓಟ ಬಲ್ಲವರಿಗೆ ಇದು ದೊಡ್ಡ ಸಮಯವಲ್ಲ, ನನಗೂ ಗೊತ್ತು. ಅಭಿನಂದನೆ ಹೇಳಿದವರೆಲ್ಲ "ನಲವತ್ತೇಳರಲ್ಲಿ ಎಂಥ ಛಲ ನಿಮ್ದು" ಅಂದರು. ಛಲ ನನ್ನದಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್. ದಿನದ ಕೊನೆಗೆ ಲೆಕ್ಕ ಕೂಡಲೇಬೇಕು. ಕೂಡದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಓಟದವರ ಸಾಲ ಲೆಕ್ಕಕ್ಕೆ ಸಿಗುವ ಸಾಲ, ಯಾಕೆಂದರೆ ಅದು ನಿಮಿಷಗಳಲ್ಲಿರುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರು ಸರ್ಕಾರಿ ಹೈಸ್ಕೂಲಿನ ಕನ್ನಡ ಟೀಚರ್. ಭಾನುವಾರದ ಉದ್ದ ಓಟವನ್ನು ಅವರು ಆರಾಮಾಗಿ ಕಿ.ಮೀ.ಗೆ ಏಳೂಕಾಲು ನಿಮಿಷದಲ್ಲಿ ಓಡುತ್ತಾರೆ. ನನಗೆ ಎಂಟೂವರೆ ಬೇಕು. ಒಂದೂಕಾಲು ನಿಮಿಷದ ವ್ಯತ್ಯಾಸ. ಕೇಳೋಕೆ ಚಿಲ್ಲರೆ. ಆದರೆ 32 ಕಿ.ಮೀ. ಓಡಿದ ದಿನ ಅದು 40 ನಿಮಿಷವಾಯಿತು. ಅಂದರೆ ನನಗೋಸ್ಕರ ಆಕೆ ಆ ಒಂದು ಬೆಳಗ್ಗೆ 40 ನಿಮಿಷ ಹೆಚ್ಚು ರಸ್ತೆಯ ಮೇಲಿದ್ದರು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ, ಭಾನುವಾರ ಅಂದರೆ ರಾಶಿ ಬಟ್ಟೆ ಕಾದಿರುತ್ತದೆ.

ನಿಧಾನಕ್ಕೆ ಓಡುವುದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಹೆಜ್ಜೆ ಚಿಕ್ಕದು ಮಾಡಬೇಕು, ನೆಲದ ಮೇಲೆ ಕಾಲು ಜಾಸ್ತಿ ಹೊತ್ತು ಇರುತ್ತದೆ, ಸೊಂಟ ಹಿಡಿಯುತ್ತದೆ. ಒಮ್ಮೆ ಕೇಳಿದೆ, "ನೀವು ಮುಂದೆ ಹೋಗಿ ಟೀಚರ್, ನಾನು ಬರ್ತೀನಿ." "ಅಕ್ಕಾ, ಮುಂದೆ ಹೋದ್ರೆ ನನ್ನ ಅತ್ತೆ ಕಥೆ ಯಾರಿಗೆ ಹೇಳ್ಲಿ?" ಅಂದರು. ಆ ಅತ್ತೆಯ ಕಥೆ ಸುಮಾರು 600 ಕಿ.ಮೀ. ಉದ್ದ ಬಂದಿದೆ, ಇನ್ನೂ ಮುಗಿದಿಲ್ಲ.

ಸುಬೇದಾರ್ ಸರ್ ಕಲಿಸಿದ್ದು ಒಂದೇ ಪಾಠ. ಓಡುವಾಗ ಮಾತಾಡೋಕೆ ಆಗಬೇಕು. ಆಗದಿದ್ದರೆ ಜೋರಾಗಿ ಓಡುತ್ತಿದ್ದೀವಿ ಅಂತ ಅರ್ಥ. ನಾನು ಮಧ್ಯೆ ಒಂದು ಸಲ ಹುಷಾರು ತೋರಿಸಲು ಹೋಗಿ, ಎರಡೇ ವಾರದಲ್ಲಿ ದೂರ ದುಪ್ಪಟ್ಟು ಮಾಡಿ, ಮಂಡಿಯ ಹೊರಭಾಗ ನೋಯಿಸಿಕೊಂಡು ಒಂದು ತಿಂಗಳು ಕೂತೆ. ಅವರು ಬೈಯಲಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಕರಕೊಂಡು ಹೋಗಿ ನಂದಿಯವರೆಗೆ ಹತ್ತಿಸಿದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಈಗ ಒಂದು ಹೆಜ್ಜೆಯೂ ಓಡದ ಒಬ್ಬರ ವಿಷಯ. ಸುಬೇದಾರ್ ಸರ್ ಮನೆಯವರು, ನಮಗೆಲ್ಲ ಆಂಟಿ. ಉದ್ದ ಓಟ ಎರಡು ಗಂಟೆ ದಾಟಿದ ಮೇಲೆ ಅಮ್ಮನನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿರಲಿಲ್ಲ. ನೋಡಿಕೊಳ್ಳುವ ಹೆಂಗಸಿಗೆ ಭಾನುವಾರ ರಜೆ. ನಾನು ಓಟ ಬಿಡುತ್ತೇನೆ ಅಂದಾಗ ಆಂಟಿ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬೆಳಗ್ಗೆ ನಾಲ್ಕೂಕಾಲಿಗೆ ಬಾಗಿಲಿಗೆ ಬಂದರು. 2023ರ ನವೆಂಬರಿನಿಂದ ಹೆಚ್ಚೂಕಮ್ಮಿ ಒಂದು ವರ್ಷ, ಬಹುತೇಕ ಭಾನುವಾರ ಬಂದರು.

ಅಮ್ಮ ಅವರನ್ನು ಒಂದೊಂದು ವಾರ ಒಬ್ಬೊಬ್ಬರು ಅಂದುಕೊಳ್ಳುತ್ತಿದ್ದರು. ಒಂದು ವಾರ ತಮ್ಮ ಅಕ್ಕ. ಇನ್ನೊಂದು ವಾರ ಬಾಡಿಗೆ ಬಾಕಿ ಉಳಿಸಿಕೊಂಡ ಹಳೇ ಒಕ್ಕಲಿನವಳು. "ಬಾಡಿಗೆ ಯಾವಾಗ ಕೊಡ್ತೀಯೇ?" ಅಂತ ಅಮ್ಮ ಜೋರು ಮಾಡಿದರೆ ಆಂಟಿ, "ಒಂದನೇ ತಾರೀಕು ಕೊಡ್ತೀನಮ್ಮ, ಈ ತಿಂಗಳು ಸ್ವಲ್ಪ ಕಷ್ಟ" ಅನ್ನುತ್ತಿದ್ದರಂತೆ. ಚಳಿಗಾಲದಲ್ಲಿ ಆಂಟಿ ಬರುವಾಗ ರಾತ್ರಿಯೇ ನೆನೆಸಿಟ್ಟ ಅವರೆಕಾಳು ತರುತ್ತಿದ್ದರು. ಅಮ್ಮನಿಗೆ ನನ್ನ ಹೆಸರು ಹೋಗಿತ್ತು, ಊಟ ಆಯ್ತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆದರೆ ಅವರೆಕಾಳು ಕೈಗೆ ಕೊಟ್ಟರೆ ಬೆರಳು ತಾನಾಗಿ ಹಿದುಕುತ್ತಿತ್ತು. ಒಂದು ಕಾಳೂ ಒಡೆಯುತ್ತಿರಲಿಲ್ಲ. ನಾನು ಬೆವರಿಳಿಸಿಕೊಂಡು ಬರುವ ಹೊತ್ತಿಗೆ ಒಂದು ಪಾತ್ರೆ ಹಿದುಕಿದ ಬೇಳೆ, ಎದುರಿಗೆ ಸಿಪ್ಪೆಯ ಗುಡ್ಡೆ, ಇಬ್ಬರೂ ಮೌನವಾಗಿ ಕೂತಿರುತ್ತಿದ್ದರು.

2024ರ ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಟ್ರೇಲ್ ಮ್ಯಾರಥಾನಿನಲ್ಲಿ ಅರ್ಧ ದೂರ, 21 ಕಿ.ಮೀ. ಓಡಿದೆ. ನಾಲೆ ಏರಿಯ ಮಣ್ಣುದಾರಿ, ಪಕ್ಕದಲ್ಲಿ ಗದ್ದೆ, ಎತ್ತಿನ ಗಾಡಿಯವರು ದಾರಿ ಬಿಟ್ಟು ನಿಂತು ನೋಡುತ್ತಾರೆ. ಅವತ್ತೇ ಟೀಚರ್ ಮುಂಬೈ ಮಾತು ತೆಗೆದಿದ್ದು.

ದೀಪಾವಳಿ ಕಳೆದ ವಾರ ಅಮ್ಮ ಹೋದರು. ನಿದ್ದೆಯಲ್ಲಿ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಗುಂಪಿನವರು ಬಂದರು, ಕುರ್ಚಿ ಹಾಕಿದರು, ನೀರು ತುಂಬಿದರು. ವೈಕುಂಠ ಸಮಾರಾಧನೆಯ ದಿನ ಸುಬೇದಾರ್ ಸರ್ ಪಂಕ್ತಿಯಲ್ಲಿ ಬಡಿಸಿದರು. ಯಾರೂ ಓಟದ ಮಾತೆತ್ತಲಿಲ್ಲ. ನನಗೋ ಬೆಳಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು, ಏಳಬೇಕಾದ ಕಾರಣ ಇರುತ್ತಿರಲಿಲ್ಲ. ನಾಲ್ಕೈದು ವರ್ಷ ರಾತ್ರಿಯೆಲ್ಲ ಅಮ್ಮನ ಕಡೆಗೆ ಕಿವಿ ಇಟ್ಟು ಮಲಗಿದವಳಿಗೆ ಮನೆಯ ನಿಶ್ಶಬ್ದವೇ ದೊಡ್ಡ ಸದ್ದಾಯಿತು.

ಒಂದು ಬೆಳಗ್ಗೆ ಟೀಚರ್ ಗೇಟಿನ ಹತ್ತಿರ ನಿಂತಿದ್ದರು. "ಅಕ್ಕಾ, ಶೂ ಹಾಕ್ಕೊಳ್ಳಿ. ಓಡೋದು ಬೇಡ." ಕುಕ್ಕರಹಳ್ಳಿ ಕೆರೆ ಏರಿ ಒಂದು ಸುತ್ತು ನಡೆದೆವು. ಮರುದಿನವೂ ನಡೆದೆವು. ಮೂರನೇ ದಿನ ಸ್ವಲ್ಪ ನಡಿಗೆ, ಸ್ವಲ್ಪ ಓಟ. ಡಿಸೆಂಬರ್ ಎರಡನೇ ಭಾನುವಾರ ಎಷ್ಟು ದೂರ ಅಂತ ಕೇಳಿದಾಗ ಸುಬೇದಾರ್ ಸರ್ ಹೇಳಿದ್ದು ದೂರವನ್ನಲ್ಲ, ಊರನ್ನು. "ನಂಜನಗೂಡಿಗೆ ಹೋಗಿ ಬರೋಣ. ಅಮ್ಮ ಅವತ್ತು ಹೊರಟಿದ್ರಲ್ಲ."

ಮನೆಯಿಂದ ಇಪ್ಪತ್ತಮೂರು ಕಿ.ಮೀ. ಆಸುಪಾಸು. ಕತ್ತಲಲ್ಲೇ ಹೊರಟೆವು, ತಲೆಗೆ ಟಾರ್ಚು ಕಟ್ಟಿಕೊಂಡು. ಹೆದ್ದಾರಿಯಲ್ಲಿ ಲಾರಿಗಳು ಅಂತ ಸುಬೇದಾರ್ ಸರ್ ಅವತ್ತು ಓಡಲೇ ಇಲ್ಲ. ಸ್ಕೂಟರಿನ ಇಂಡಿಕೇಟರ್ ಹಾಕಿಕೊಂಡು ನಮ್ಮ ಹಿಂದೆಯೇ ಮೂರೂ ಚಿಲ್ಲರೆ ಗಂಟೆ ಆಮೆಯಂತೆ ಬಂದರು. ಟೀಚರ್ ಅತ್ತೆಯ ಕಥೆ ಹೇಳಲಿಲ್ಲ. ನಾನು ಎರಡು ಸಲ ನಿಂತು ಅತ್ತುಬಿಟ್ಟೆ, ಯಾರೂ ಸಮಾಧಾನ ಹೇಳಲಿಲ್ಲ. ನಿಂತಾಗ ನಿಂತರು, ಹೊರಟಾಗ ಹೊರಟರು. ಕಪಿಲೆಯ ಸೋಪಾನದಲ್ಲಿ ಶೂ ಬಿಚ್ಚಿ ನೀರಲ್ಲಿ ಕಾಲಿಟ್ಟು ಕೂತೆವು. ಶ್ರೀಕಂಠೇಶ್ವರನಿಗೆ ಬೆವರು ಬಟ್ಟೆಯಲ್ಲೇ ಹೊರಗಿನಿಂದ ಕೈ ಮುಗಿದೆ. ರಸಬಾಳೆ ಕೇಳಿದೆವು, ಸಿಗಲಿಲ್ಲ. ಸಿಕ್ಕ ಬಾಳೆಹಣ್ಣನ್ನೇ ಡಜನ್ ತಿಂದು ರೈಲಿನಲ್ಲಿ ವಾಪಸು ಬಂದೆವು.

ಡಿಸೆಂಬರಿನ ಕೊನೇ ಭಾನುವಾರ ರಿಂಗ್ ರೋಡಿನಲ್ಲಿ 32. ನಮ್ಮ ಮೈಸೂರಿನ ರಿಂಗ್ ರೋಡು ಪೂರ್ತಿ ಸುತ್ತಿದರೆ ಹೆಚ್ಚೂಕಮ್ಮಿ ಒಂದು ಮ್ಯಾರಥಾನಿನಷ್ಟೇ ಆಗುತ್ತದೆ. ನಾವು ಮುಕ್ಕಾಲು ಸುತ್ತಿದೆವು. ಹಾಲಿನ ಬೂತಿನ ಹುಡುಗ ಬೆಳಗಿನ ವ್ಯಾಪಾರ ಅವನ ಅಣ್ಣನಿಗೆ ಒಪ್ಪಿಸಿ, ಬೈಕಿನಲ್ಲಿ ಐದೈದು ಕಿ.ಮೀ.ಗೊಮ್ಮೆ ಮುಂದೆ ಹೋಗಿ ನೀರು, ಉಪ್ಪು ಹಾಕಿದ ನಿಂಬೆ ಶರಬತ್ತು, ಬೆಲ್ಲದ ತುಂಡು ಹಿಡಿದು ನಿಂತಿರುತ್ತಿದ್ದ. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಸುತ್ತುತ್ತದೆ ಅಂತ ಅವನಿಗೆ ಸುಬೇದಾರ್ ಸರ್ ಪಾಠ ಮಾಡಿದ್ದರು. ಅವನ ಬೂತಿನ ಸಾಲದ ಅರ್ಜಿ ತುಂಬಿಸಿಕೊಟ್ಟವಳು ನಾನೇ. ಅದು ನನ್ನ ಕೆಲಸ, ಇಲ್ಲಿ ಜಮಾ ಮಾಡಿಕೊಳ್ಳುವಂತಿಲ್ಲ.

ಅಮ್ಮ ಹೋಗಿ ಮೂರು ತಿಂಗಳಾಗಿಲ್ಲ, ಓಟ ಬೇಕಿತ್ತಾ ಅಂತ ಸೋದರಮಾವ ಕೇಳಿದರು. ತಪ್ಪೇನಿಲ್ಲ ಕೇಳಿದ್ದು. ನನ್ನ ಹತ್ತಿರ ಉತ್ತರವಿರಲಿಲ್ಲ, ಟಿಕೆಟ್ ಇತ್ತು. ಅವರು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದೆವು. ಆಂಟಿ ಕಟ್ಟಿಕೊಟ್ಟ ಮೊಸರನ್ನ, ಚಪಾತಿ, ಚಟ್ನಿಪುಡಿ. ಆ ರೈಲು ನಿಲ್ಲುವುದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಲ್ಲಿ, ಓಟ ಶುರುವಾಗುವುದೂ ಅದೇ ನಿಲ್ದಾಣದ ಮುಂದೆ. ಭಾನುವಾರ ಬೆಳಗಿನ ಐದಕ್ಕೆ, ದೀಪ ಹಾಕಿದ ಆ ದೊಡ್ಡ ಕಟ್ಟಡದ ಕೆಳಗೆ ಸಾವಿರಾರು ಜನರ ನಡುವೆ ನಿಂತಾಗ ನನಗೆ ಬಂದ ಯೋಚನೆ ಒಂದೇ, ಬಾತ್‌ರೂಮು ಎಲ್ಲಿದೆ.

ಮರೀನ್ ಡ್ರೈವ್, ಹಾಜಿ ಅಲಿ, ವರ್ಲಿ, ಸಮುದ್ರದ ಮೇಲಿನ ಸೀ ಲಿಂಕ್. ಎಲ್ಲ ಚೆನ್ನಾಗಿತ್ತು. 33ರ ಹತ್ತಿರ ನನ್ನ ಎಣ್ಣೆ ತೀರಿತು. ಸ್ನಾಯುಗಳಲ್ಲಿ, ಈಲಿಯಲ್ಲಿ ಕೂಡಿಟ್ಟ ಸಕ್ಕರೆ ಮುಗಿಯುವುದು ಸಾಮಾನ್ಯವಾಗಿ 30 ದಾಟಿದ ಮೇಲೆ. ಓಟದವರು ಅದನ್ನು ಗೋಡೆ ಅನ್ನುತ್ತಾರೆ. ನನಗೆ ಗೋಡೆ ಕಾಣಲಿಲ್ಲ, ಕಾಲಿಗೆ ಒದ್ದೆ ಗೋಣಿಚೀಲ ಕಟ್ಟಿದ ಹಾಗಾಯಿತು. ಮುಂದೆ ಪೆಡ್ಡರ್ ರೋಡಿನ ಏರು. ರಸ್ತೆ ಬದಿಯ ಜನ ಕಿತ್ತಳೆ ತೊಳೆ, ಚಿಕ್ಕಿ, ಬಿಸ್ಕತ್ತು ಹಿಡಿದು ನಿಂತಿದ್ದರು. ಎದೆಗೆ ಸಿಕ್ಕಿಸಿದ ನಂಬರಿನ ಚೀಟಿಯಲ್ಲಿ, ಅಂದರೆ ಬಿಬ್ಬಿನಲ್ಲಿ, ಹೆಸರು ಅಚ್ಚಾಗಿರುತ್ತದೆ, ಅದನ್ನು ಓದಿ ಗೊತ್ತೇ ಇಲ್ಲದವರು ಹೆಸರು ಹಿಡಿದು ಕೂಗುತ್ತಾರೆ. ಮುಂಬೈಯವರೇ, ನಿಮಗೂ ಥ್ಯಾಂಕ್ಸ್. ನೋವಿನ ಸ್ಪ್ರೇ ಹೊಡೆದ ಆ ಅಜ್ಜನಿಗೆ ಒಂದು ಹೆಚ್ಚು.

ಟೀಚರ್ ಪಕ್ಕದಲ್ಲೇ ಇದ್ದರು. ಹಿಂದಿನ ವರ್ಷ ಇದೇ ಓಟವನ್ನು ಆಕೆ 4 ಗಂಟೆ 41 ನಿಮಿಷದಲ್ಲಿ ಮುಗಿಸಿದ್ದರು. "ಹೋಗಿ ಟೀಚರ್, ನಿಮ್ಮ ಟೈಮ್ ಹಾಳಾಗತ್ತೆ" ಅಂದೆ. ಆಕೆ ಬೆಲ್ಲದ ತುಂಡು ನನ್ನ ಬಾಯಿಗಿಟ್ಟು, "ಅತ್ತೆ ಕಥೆ ಎಲ್ಲಿಗೆ ನಿಲ್ಸಿದ್ದೆ?" ಅಂದರು. ಏರು ಪೂರ್ತಿ ನಡೆದೆವು. ಇಳಿಜಾರಿನಲ್ಲಿ ಓಡಿದೆವು.

ಆ ಕೊನೆಯ 195 ಮೀಟರಿನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಸ್ಟೇಡಿಯಮ್ಮಿನ ರಾಜಮನೆತನದ ಆಸನದ ಮುಂದೆ ಮುಗಿದಿತ್ತು, ಆ ದೂರವೇ 1921ರಲ್ಲಿ ಖಾಯಂ ಆಯಿತು. ಯಾರೋ ರಾಜರ ಮನೆಯ ಅಳತೆಗೆ ಕುವೆಂಪುನಗರದವಳು ಯಾಕೆ ಓಡಬೇಕು, ಅಲ್ವಾ? ಓಡಿದೆ. ಬ್ಯಾರಿಕೇಡಿನ ಆಚೆ ಸುಬೇದಾರ್ ಸರ್ ನಿಂತಿದ್ದರು. ತಮ್ಮ ಓಟ ಮುಗಿಸಿ ಮುಕ್ಕಾಲು ಗಂಟೆಯಾಗಿತ್ತು, ಕೂತೇ ಇರಲಿಲ್ಲ. ಸೆಲ್ಯೂಟ್ ಹೊಡೆದರು.

ಮುಂಬೈನಲ್ಲಿ ಟೀಚರಿಗೆ ಬಾಕಿ 71 ನಿಮಿಷ. ರಿಂಗ್ ರೋಡಿನದು 40. ಸರ್‌ಗೆ ನಂಜನಗೂಡಿನ ಒಂದು ಇಡೀ ಓಟ. ಆಂಟಿಯದು ಗಂಟೆಗಳಲ್ಲಿದೆ, ನಾನು ಕೂಡಿಸಲು ಹೋಗಿಲ್ಲ. ಪದಕ ಅವರ ಮನೆಯ ಗೋಡೆಯಲ್ಲಿದೆ. "ನಂಗ್ಯಾಕೆ ಇದು, ಬಾಡಿಗೆ ಬಾಕಿಗಾ?" ಅಂದರು.

ಈಗ ಹಾಲಿನ ಬೂತಿನ ಹುಡುಗನಿಗೆ ಓಡುವ ಆಸೆ ಬಂದಿದೆ. ಮುಂದಿನ ಕಾವೇರಿ ಟ್ರೇಲಿನಲ್ಲಿ ಅರ್ಧ ಓಡುತ್ತಾನಂತೆ. ಅವನ ಅಣ್ಣನಿಗೆ ಬೇರೆ ಕೆಲಸ ಸಿಕ್ಕಿದೆ, ಭಾನುವಾರ ಐದರಿಂದ ಎಂಟರವರೆಗೆ ಬೂತು ನೋಡಿಕೊಳ್ಳಲು ಜನವಿಲ್ಲ. ಹೋದ ವಾರದಿಂದ ನಾನು ಕೂರುತ್ತಿದ್ದೇನೆ. ನನ್ನ ಉದ್ದ ಓಟ ಶನಿವಾರಕ್ಕೆ ಬದಲಾಗಿದೆ, ಟೀಚರ್‌ದೂ. ಮೊದಲ ದಿನವೇ ಗಲ್ಲಾದಲ್ಲಿ ಹನ್ನೆರಡು ರೂಪಾಯಿ ಕಮ್ಮಿ ಬಂತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಹಾಗಾಗಿರಲಿಲ್ಲ. ನಮ್ಮ ಬೀದಿಯವರು ದಯವಿಟ್ಟು ಚಿಲ್ಲರೆ ತನ್ನಿ.