ಕಿಲೋಮೀಟರ್ ಬರೆದಿರಿ, ಎತ್ತರ ಯಾಕೆ ಬಿಟ್ಟಿರಿ?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪ್ರವಾಸ ಪುಟದಲ್ಲಿ ಮನಾಲಿ ಹತ್ತಿರದ ಭೃಗು ಸರೋವರದ ಬಗ್ಗೆ ಬಂದ ಬರಹ ಓದಿದೆ. ಫೋಟೊ ಚೆನ್ನಾಗಿತ್ತು. ಬಸ್ ಚಾರ್ಜು, ಟೆಂಟಿನ ಬಾಡಿಗೆ, ನಡಿಗೆ ಎಷ್ಟು ಕಿಲೋಮೀಟರ್, ಎಲ್ಲ ಇತ್ತು. ಶನಿವಾರ ಭಾನುವಾರಕ್ಕೆ ಎರಡು ದಿನ ರಜೆ ಸೇರಿಸಿದರೆ ಒಬ್ಬರೇ ಹೋಗಿ ಬರಬಹುದು ಅಂತಲೂ ಇತ್ತು. ಸರೋವರ ಎಷ್ಟು ಎತ್ತರದಲ್ಲಿದೆ ಅನ್ನುವುದು ಮಾತ್ರ ಇರಲಿಲ್ಲ. ಸುಮಾರು 4,200 ಮೀಟರ್, ಸ್ವಾಮಿ. ನಮ್ಮ ನಂದಿ ಬೆಟ್ಟ 1,478.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಾನೂ ಇದೇ ಲೆಕ್ಕ ಹಾಕಿಕೊಂಡು ಒಬ್ಬನೇ ಹೋಗಿದ್ದೆ. ವಯಸ್ಸು 46. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ. ಸ್ಕಂದಗಿರಿಯನ್ನು ಎಷ್ಟೋ ಸಲ ಹತ್ತಿದ್ದೇನೆ, ಕಾಲು ಗಟ್ಟಿ ಅನ್ನುವ ಜಂಬ ಬೇರೆ. ಬುಧವಾರ ವಿಮಾನದಲ್ಲಿ ಚಂಡೀಗಢ, ರಾತ್ರಿ ಬಸ್ಸು, ಗುರುವಾರ ಬೆಳಗ್ಗೆ ಮನಾಲಿ. ಮಲಗದೆ ಅವತ್ತೇ ಜೀಪು ಹಿಡಿದು ಗುಲಾಬಾಕ್ಕೆ ಹೋದೆ. ಅಲ್ಲಿಂದ ಹುಲ್ಲುಗಾವಲು ಹತ್ತಿ ಸಂಜೆಗೆ ರೋಲಾ ಖೋಲಿ ಅನ್ನುವ ಜಾಗದಲ್ಲಿ ಟೆಂಟ್ ಹಾಕಿದೆ. ಅದು ಸುಮಾರು 3,800 ಮೀಟರ್. ಎರಡು ದಿನದ ಹಿಂದೆ ಮಲಗಿದ್ದು ನಮ್ಮ ಮನೆಯಲ್ಲಿ, ಸುಮಾರು 900 ಮೀಟರಿನಲ್ಲಿ.

ಅನ್ನಕ್ಕೆ ಇಟ್ಟೆ. ನೀರು ಬೇಗ ಕುದಿಯಿತು, ಅಕ್ಕಿ ಬೇಯಲಿಲ್ಲ. ಇಪ್ಪತ್ತೆರಡು ವರ್ಷ ರೇಷ್ಮೆ ಗೂಡು ಬೇಯಿಸಿದ ಕೈ ಇದು. ನೀರಿನ ಹದ ಆವಿ ನೋಡಿಯೇ ಹೇಳುತ್ತೇನೆ. ಅಲ್ಲಿ ನನ್ನ ವಿದ್ಯೆ ನಡೆಯಲಿಲ್ಲ. ನಮ್ಮೂರಲ್ಲಿ ಸುಮಾರು 97 ಡಿಗ್ರಿಗೆ ಕುದಿಯುವ ನೀರು ಅಷ್ಟು ಮೇಲೆ 87ಕ್ಕೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆ, ಅದಕ್ಕೆ. ಒಂದು ಉಸಿರಿಗೆ ಸಮುದ್ರದ ಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲೂ ಅಲ್ಲಿ ಸಿಗುವುದಿಲ್ಲ. ಪಾತ್ರೆ ನನಗೆ ಅದನ್ನೇ ಹೇಳುತ್ತಿತ್ತು, ನಾನು ಸ್ಟೌ ಸರಿಯಿಲ್ಲ ಅಂತ ಬೈದುಕೊಂಡೆ. ಮನೆಯವಳು ಕಟ್ಟಿಕೊಟ್ಟ ರಾಗಿ ಹುರಿಹಿಟ್ಟಿಗೆ ಬೆಲ್ಲ ಕಲಸಿ ತಿಂದೆ.

ಒಂಬತ್ತು ಗಂಟೆಗೆ ತಲೆನೋವು ಶುರುವಾಯಿತು. ಒಂದು ಗುಳಿಗೆ ನುಂಗಿದೆ. ಆಮೇಲೆ ವಾಂತಿ, ತಿಂದ ಹುರಿಹಿಟ್ಟೂ ಹೋಯಿತು. ಎರಡು ಗಂಟೆಗೆ ಇನ್ನೊಂದು ಗುಳಿಗೆ ನುಂಗಬಹುದಾ ಅಂತ ಲೆಕ್ಕ ಹಾಕಲು ಕೂತೆ. ಗೂಡಿನ ಮಾರುಕಟ್ಟೆಯಲ್ಲಿ ಲಾಟಿನ ಲೆಕ್ಕವನ್ನು ಬಾಯಲ್ಲೇ ಹಾಕುವವನು ನಾನು. ಒಂಬತ್ತರಿಂದ ಎರಡಕ್ಕೆ ಎಷ್ಟು ಗಂಟೆ ಅಂತ ಬೆರಳು ಮಡಚಿದೆ. ಎರಡು ಸಲ ಎಣಿಸಿದೆ, ಎರಡು ಉತ್ತರ ಬಂತು. ತಲೆನೋವಿಗಿಂತ ಅದಕ್ಕೇ ಜಾಸ್ತಿ ಹೆದರಿದೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ 'ಏನೋ ಇದು, ಹೀಗೆ ಮಾತಾಡ್ತೀಯ' ಅನ್ನುತ್ತಿದ್ದರು. ಒಬ್ಬನೇ ಇದ್ದಾಗ ಬುದ್ಧಿ ಮಂಕಾದದ್ದನ್ನು ಆ ಮಂಕು ಬುದ್ಧಿಯಿಂದಲೇ ಕಂಡುಹಿಡಿಯಬೇಕು.

ಬೆಳಗ್ಗೆ ಕುರಿ ಹೊಡೆದುಕೊಂಡು ಒಬ್ಬ ಗದ್ದಿ ಕುರುಬರು ಬಂದರು. ಮಾರುಕಟ್ಟೆಯಲ್ಲಿ ಕಲಿತ ನನ್ನ ಉರ್ದು ಅವರಿಗೆ ಅರ್ಥವಾಯಿತು. ನಾನು ಸರೋವರದ ದಾರಿ ಕೇಳಿದೆ. ಅವರು ನನ್ನ ಮುಖ ನೋಡಿ ಕೋಲನ್ನು ಕೆಳಕ್ಕೆ ತೋರಿಸಿದರು. ಇಳಿದೆ. ಗುಲಾಬಾ ಮುಟ್ಟುವಷ್ಟರಲ್ಲಿ ನೋವು ಅರ್ಧ ಹೋಗಿತ್ತು. ವಸಿಷ್ಠ ಅನ್ನುವ ಊರಿಗೆ ಬಂದಾಗ ಹೊಟ್ಟೆ ಹಸಿಯಿತು. ಅಲ್ಲಿ ಬಿಸಿನೀರಿನ ಬುಗ್ಗೆ ಇದೆ. ನೂಲು ತೆಗೆಯುವ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತವನಿಗೆ ಬಿಸಿನೀರು ಕಂಡರೆ ಮನೆಗೆ ಬಂದ ಹಾಗೆ.

ವಾಪಸ್ ಟಿಕೆಟ್ ದಂಡವಾಯಿತು. ಆ ವಿಷಯ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ವಸಿಷ್ಠದಲ್ಲಿ ಎರಡು ರಾತ್ರಿ ಸುಮ್ನೆ ಇದ್ದೆ. ಆಮೇಲೆ ಧುಂಡಿಯಿಂದ ನಿಧಾನವಾಗಿ ನಡೆದು ಬಕರ್‌ಥಾಚ್‌ನಲ್ಲಿ ಮಲಗಿದೆ, ಸುಮಾರು 3,300 ಮೀಟರ್. ಮರುದಿನ ಬಿಯಾಸ್ ಕುಂಡ ನೋಡಿ ಬಕರ್‌ಥಾಚ್‌ಗೇ ವಾಪಸ್ ಇಳಿದೆ. ಕುಂಡ ಇರುವುದು ಸುಮಾರು 3,700 ಮೀಟರಿನಲ್ಲಿ. ತಲೆನೋವು ಬರಲಿಲ್ಲ. ಬಂಡೆಗಳ ರಾಶಿ ದಾಟಿದರೆ ನಮ್ಮೂರ ಕುಂಟೆಯಂಥ ಚಿಕ್ಕ ನೀರು. ಬಿಯಾಸ್ ನದಿ ಹುಟ್ಟುವುದು ಅಲ್ಲಿ. ನಂದಿಯಲ್ಲಿ ಪಾಲಾರ್, ಅರ್ಕಾವತಿ ಹುಟ್ಟುತ್ತವೆ ಅಂತ ಶಾಲೆಯಿಂದ ಕೇಳಿಕೊಂಡು ಬಂದಿದ್ದೇನೆ, ಹರಿದದ್ದು ನೋಡಿದ್ದು ಕಡಿಮೆ. ಇಲ್ಲಿ ನದಿ ಕಾಲ ಕೆಳಗೇ ಹೊರಟಿತ್ತು. ಒಂದು ಗಂಟೆ ಯಾರ ಜೊತೆಯೂ ಮಾತಿಲ್ಲದೆ ಕೂತಿದ್ದೆ. ಒಬ್ಬನೇ ಹೋಗಬೇಕು ಅನ್ನಿಸಿದ್ದು ಅದಕ್ಕೇ ಅಲ್ವಾ?

ಊರಿಗೆ ಬಂದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದಂತೆ. ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ನಿಲ್ಲಬೇಕಂತೆ. ಮೈ ಗಟ್ಟಿ ಇದ್ದವರನ್ನೂ ಈ ಎತ್ತರದ ಕಾಯಿಲೆ ಬಿಡುವುದಿಲ್ಲ. ಕೂತಲ್ಲೇ ಏದುಸಿರು ಬಂದರೆ, ಕುಡಿದವರ ಹಾಗೆ ಹೆಜ್ಜೆ ತಪ್ಪಿದರೆ ಜೀವಕ್ಕೇ ಅಪಾಯ, ತಕ್ಷಣ ಇಳಿಯಬೇಕು.

ನೀವು ಮಾಡಬೇಕಾದ್ದು ಇಷ್ಟೆ. ಇಂಥ ಬರಹ ಹಾಕುವಾಗ ಮೊದಲ ರಾತ್ರಿ ಎಷ್ಟು ಮೀಟರಿನಲ್ಲಿ ಮಲಗಬೇಕು, ಎರಡನೇ ರಾತ್ರಿ ಎಷ್ಟು ಅಂತ ಬಸ್ ಚಾರ್ಜಿನ ಪಕ್ಕದಲ್ಲೇ ಒಂದು ಸಾಲು ಹಾಕಿ. ಜಾಗ ಸಾಲದಿದ್ದರೆ ಫೋಟೊ ಚಿಕ್ಕದು ಮಾಡಿ.

ನಮ್ಮ ಅಣ್ಣನ ಮಗ ನಿಮ್ಮ ಬರಹವನ್ನು ಕತ್ತರಿಸಿ ಫೋನಿನ ಕವರಿನೊಳಗೆ ಇಟ್ಟುಕೊಂಡಿದ್ದಾನೆ. ಅಕ್ಟೋಬರ್ ಮೊದಲ ವಾರಕ್ಕೆ ಟಿಕೆಟ್ ಆಗಿದೆ, ನಾಲ್ಕೇ ದಿನ. ನಾನು ಹೇಳಿದರೆ 'ಚಿಕ್ಕಪ್ಪ, ನಿಮಗೆ ವಯಸ್ಸಾಯ್ತು' ಅಂತಾನೆ. ಪೇಪರಿನಲ್ಲಿ ಬಂದರೆ ಓದುತ್ತಾನೆ. ದಯವಿಟ್ಟು ಅಷ್ಟರೊಳಗೆ ಹಾಕಿ.

— ಒಬ್ಬ ರೀಲರ್, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ