ಮಗಳಿಗೊಂದು ಪತ್ರ: ಕಪಾಟು ಆಮೇಲೆ, ಮೊದಲು ಮಣೆ

ಚಿ. ವಿದ್ಯಾಗೆ ಅಪ್ಪನ ಆಶೀರ್ವಾದಗಳು.

ಗದಗಿನ ಮನೆಯ ಹಿಂದಿನ ವರಾಂಡದಲ್ಲಿ ಬಡಿಗತನ ಶುರು ಮಾಡಬೇಕು, ಮೊದಲು ಪುಸ್ತಕದ ಕಪಾಟು ಮಾಡಬೇಕು ಅಂತ ಬರೆದಿದ್ದಿ. ಬಡಿಗತನ ಶುರು ಮಾಡು, ಕಪಾಟು ಮಾತ್ರ ಈಗ ಬೇಡ. ಕಪಾಟಿಗೆ ಏಳೆಂಟು ಹಲಗೆ ಒಂದೇ ಅಳತೆಗೆ, ಎಲ್ಲ ಮೂಲೆ ನೇರಕ್ಕೆ ಬರಬೇಕು. ಒಂದು ಹಲಗೆ ಒಂದು ನೂಲು ತಪ್ಪಿದರೂ ಇಡೀ ಕಪಾಟು ವಾಲುತ್ತದೆ, ಆಮೇಲೆ ಯಾವ ಹಲಗೆ ತಪ್ಪಿತು ಅಂತ ಹುಡುಕುವುದರಲ್ಲೇ ಹುರುಪು ಇಳಿದುಹೋಗುತ್ತದೆ. ಮೊದಲು ಊಟಕ್ಕೆ ಕೂಡುವ ಒಂದು ಮಣೆ ಮಾಡು. ನೋಡಲು ಸಣ್ಣ ಕೆಲಸ, ಆದರೆ ಗುರುತು ಹಾಕುವುದು, ಕೊಯ್ಯುವುದು, ರಂದಾ ಹೊಡೆದು ಹೆರೆಯುವುದು, ಅಂಚು ಜೋಡಿಸುವುದು ಎಲ್ಲ ಅದರಲ್ಲೇ ಬರುತ್ತವೆ. ಕಟ್ಟಿಗೆ ಹವೆಗೆ ಹಿಗ್ಗಿ ಕುಗ್ಗುತ್ತದೆ ಅನ್ನುವುದನ್ನೂ ಮಣೆಯೇ ಕಲಿಸುತ್ತದೆ.

ಸಾಮಾನು ಬಹಳ ಬೇಡ. 18 ಇಂಚಿನ ಒಂದು ಗರಗಸ, ಇಂಚಿಗೆ 8ರಿಂದ 10 ಹಲ್ಲಿನದು. 12 ಮತ್ತು 25 ಮಿ.ಮೀ. ಉಳಿ ಒಂದೊಂದು, ಅವನ್ನು ಬಡಿಯಲು ಕಟ್ಟಿಗೆಯ ಒಂದು ಕೊಡತಿ. ಎರಡು ಇಂಚಿನ ಅಲಗಿನ ಒಂದು ರಂದಾ. ಆರು ಇಂಚಿನ ಮೂಲೆಮಟ್ಟ, ಟೇಪು, ಚೂಪು ಚಾಕು, ಹಲಗೆ ಬಿಗಿಹಿಡಿಯಲು ನಾಲ್ಕು ಇಂಚಿನ ಎರಡು ಸಿ ಕ್ಲಾಂಪ್. ತೂತಿಗೆ ಒಂದು ಸಾದಾ ಡ್ರಿಲ್. ಇಷ್ಟಕ್ಕಿಂತ ಮುಖ್ಯವಾದದ್ದು ಎಂಟು ಇಂಚಿನ ಸಾಣೆಕಲ್ಲು, ಒಂದು ಮಗ್ಗುಲು ಒರಟು, ಒಂದು ಮಗ್ಗುಲು ನುಣುಪು ಇರುವಂಥದ್ದು. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡು: ನೇರ ಅಂಚಿಗೆ ಆನಿಸಿ ಒಂದು ಗೆರೆ ಎಳೆ, ಮಟ್ಟವನ್ನು ಮಗುಚಿ ಅದೇ ಜಾಗದಿಂದ ಇನ್ನೊಂದು ಗೆರೆ ಎಳೆ. ಎರಡೂ ಒಂದರ ಮೇಲೊಂದು ಕೂತರೆ ತಗೋ, ಕವಲೊಡೆದರೆ ಬಿಟ್ಟು ಬಾ.

ನಾಲ್ಕಿಂಚಿನ ಗ್ರೈಂಡರಿಗೆ ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿಕೊಡುತ್ತೇವೆ ಅಂತ ಅಂಗಡಿಯವರು ಹೇಳಬಹುದು. ಯಾವ ಕಾರಣಕ್ಕೂ ತರಬೇಡ. ಹಲ್ಲು ಕಟ್ಟಿಗೆಯಲ್ಲಿ ಸಿಕ್ಕರೆ ಮಷಿನ್ ಹಿಂದಕ್ಕೆ ಜಿಗಿಯುತ್ತದೆ, ಕೈ ತೊಡೆ ಯಾವುದನ್ನೂ ನೋಡುವುದಿಲ್ಲ. ಡ್ರಿಲ್ ಹಿಡಿದಾಗಲೂ ಕೂದಲು ಕಟ್ಟಿರಬೇಕು, ಓಢಣಿ ತೆಗೆದಿಟ್ಟಿರಬೇಕು.

ಹೊಸ ಉಳಿ ಹರಿತ ಇರುತ್ತದೆ ಅಂದುಕೊಳ್ಳಬೇಡ, ಇರುವುದಿಲ್ಲ. ಮೊದಲು ಅದರ ಬೆನ್ನನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ಎರಡು ಹನಿ ಎಣ್ಣೆ ಬಿಟ್ಟು ಉಜ್ಜು. ತುದಿಯ ಒಂದು ಇಂಚು ಒಂದೇ ಸಮ ಹೊಳೆಯಬೇಕು. ಆಮೇಲೆ ಇಳಿಜಾರಿನ ಮಗ್ಗುಲು. ಇಳಿಜಾರಿನ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ ಕೋನ 30 ಡಿಗ್ರಿ, ನಿನ್ನ ಕೆಲಸಕ್ಕೆ ಅದು ಸಾಕು. ಮಣಿಕಟ್ಟು ಅಲುಗಿಸದೆ, ತೋಳಿನಿಂದ ಹಿಂದೆ ಮುಂದೆ ಮಾಡು. ಮಣಿಕಟ್ಟು ಆಡಿದರೆ ಇಳಿಜಾರು ಉಬ್ಬುತ್ತದೆ. ಆಗ ಉಳಿ ಕಡಿಯುವುದಿಲ್ಲ, ಬರೀ ಜಾರುತ್ತದೆ. ಬೆನ್ನಿನ ಕಡೆಯಿಂದ ತುದಿಗೆ ಬೆರಳೆಳೆದರೆ ತೆಳ್ಳನೆಯ ಒರಟು ಅಂಚೊಂದು ಉದ್ದಕ್ಕೂ ತಾಗಬೇಕು. ಅದು ತಾಗಿತೆಂದರೆ ತುದಿಯವರೆಗೂ ಕಬ್ಬಿಣ ಸವೆದಿದೆ ಅಂತ ಲೆಕ್ಕ. ಕಲ್ಲಿನ ನುಣುಪು ಮಗ್ಗುಲಿನ ಮೇಲೆ ಉಳಿಯ ಎರಡೂ ಕಡೆ ಉಜ್ಜಿ ಆ ಒರಟು ಅಂಚನ್ನು ಬೀಳಿಸು. ಸಾಗವಾನಿಯ ಅಡ್ಡ ಕೊಯ್ದ ತುದಿಯನ್ನು ಕೊಡತಿಯಿಲ್ಲದೆ ಬರೀ ಕೈ ಒತ್ತಿಗೆ ಹೆರೆದರೆ ಹೊಳಪು ಬರಬೇಕು, ಪುಡಿ ಉದುರಬಾರದು. ರಂದಾದ ಅಲಗಿಗೂ ಇದೇ ಉಪಚಾರ. ಕೆಲಸ ಕಲಿಯುವವರಿಗೆ ಬೇಜಾರು ಬರುವುದು ಬಹುಪಾಲು ಮೊಂಡ ಅಲಗಿನಿಂದಲೇ.

ಕಟ್ಟಿಗೆಯ ಮಾತು. ಜಾಲಿ ತರಬೇಡ. ಅದು ಕೂರಿಗೆ, ಕುಂಟೆ, ಚಕ್ಕಡಿಯ ಗಾಲಿಗೆ ಸರಿ, ಹೊಸಬರ ಕೈಗೆ ಬಹಳ ಗಟ್ಟಿ. ಮಾವು ಅಗ್ಗ, ಮೆದು, ಆದರೆ ಹುಳ ಬೀಳುತ್ತದೆ. ಬೇವಿನ ಎಳೆ, ಅಂದರೆ ಕಟ್ಟಿಗೆಯ ನಾರು, ಆ ಕಡೆ ಈ ಕಡೆ ಹೆಣೆದುಕೊಂಡಿರುವುದರಿಂದ ರಂದಾಕ್ಕೆ ಕಿತ್ತು ಕಿತ್ತು ಬರುತ್ತದೆ. ಕೆಡವಿದ ಮನೆಗಳ ಬಾಗಿಲು, ಚೌಕಟ್ಟಿನ ಹಳೆ ಸಾಗವಾನಿ ಸಿಕ್ಕರೆ ಅದೇ ಉತ್ತಮ, ಪೂರ್ತಿ ಒಣಗಿರುತ್ತದೆ. ಆದರೆ ಒಳಗೆ ಮುರಿದ ಮೊಳೆ ಕೂತಿರುತ್ತವೆ. ಮೇಲೆಲ್ಲ ಒಂದು ಅಯಸ್ಕಾಂತ ಆಡಿಸಿ ನೋಡಿದ ಮೇಲೆಯೇ ಗರಗಸ ಮುಟ್ಟಿಸು. ಸಾಗವಾನಿಯಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ, ನಡುನಡುವೆ ಕಲ್ಲಿಗೆ ಹಿಡಿಯಬೇಕಾಗುತ್ತದೆ. ಅದರ ಪುಡಿ ಮೂಗಿಗೆ ಉರಿ, ಮಾಸ್ಕ್ ಹಾಕಿಕೋ.

ಕಟ್ಟಿಗೆ ಅಡ್ಡೆಯಲ್ಲಿ ಲೆಕ್ಕ ಘನ ಅಡಿಯದು. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸು. ನಿನಗೆ ಬೇಕಾದದ್ದು 3 ಅಡಿ ಉದ್ದ, 6 ಇಂಚು ಅಗಲ, 1 ಇಂಚು ದಪ್ಪದ ಒಂದು ಹಲಗೆ, ಅಂದರೆ 0.125 ಘನ ಅಡಿ. ಜೊತೆಗೆ ಮಣೆಯ ಅಡಿಗೆ ಕಾಲಿನ ಹಾಗೆ ಕೂರುವ ಕಾಲುಪಟ್ಟಿಗೆ ಒಂದೂಕಾಲು ಇಂಚು ಅಗಲ, ಒಂದು ಇಂಚು ದಪ್ಪದ ಎರಡು ಅಡಿ ಪಟ್ಟಿ. ಹಲಗೆಯನ್ನು ಅಲ್ಲೇ ಪ್ಲೇನರ್ ಮಷಿನ್ನಿಗೆ ಹಾಕಿಸಿ ಮುಕ್ಕಾಲು ಇಂಚಿಗೆ ಇಳಿಸಿಕೊಂಡು ಬಾ. ದಪ್ಪ ಇಳಿಸುವ ಕೆಲಸದಲ್ಲಿ ತೋಳು ನೋಯುವುದು ಬಿಟ್ಟರೆ ಕಲಿಯುವುದೇನೂ ಇಲ್ಲ. ತಂದ ದಿನವೇ ಕೊಯ್ಯಬೇಡ. ಕೆಲಸ ಮಾಡುವ ಜಾಗದಲ್ಲೇ ಅಡಿಯಲ್ಲಿ ಸಣ್ಣ ಕಡ್ಡಿ ಕೊಟ್ಟು, ಗಾಳಿ ಆಡುವ ಹಾಗೆ ಎರಡು ಮೂರು ವಾರ ಬಿಡು. ಧಾರವಾಡದ ಮಳೆಯಲ್ಲಿ ಇದ್ದ ಕಟ್ಟಿಗೆ ಗದಗಿನ ಒಣ ಹವೆಗೆ ಬಂದರೆ ಕುಗ್ಗುತ್ತದೆ. ಕುಗ್ಗುವುದೇನಿದ್ದರೂ ಅಳತೆ ಹಾಕುವ ಮೊದಲೇ ಕುಗ್ಗಲಿ.

16 ಇಂಚಿನ ಎರಡು ತುಂಡು ಮಾಡು. ಗುರುತಿಗೆ ಪೆನ್ಸಿಲ್ ಬೇಡ, ಚಾಕುವಿನಿಂದ ಗೀರು, ಎಳೆ ಕತ್ತರಿಸಿರುವುದರಿಂದ ಅಂಚು ಸಿಗಿಯುವುದಿಲ್ಲ. ಗರಗಸ ಗೀರಿನ ಮೇಲಲ್ಲ, ಬಿಸಾಕುವ ಕಡೆ ಅದಕ್ಕೆ ಹತ್ತಿ ಹೋಗಬೇಕು. ಹಿಡಿಯನ್ನು ಬಿಗಿಯಾಗಿ ಹಿಚುಕಿದಷ್ಟೂ ಕೊಯ್ತ ಓರೆ ಹೋಗುತ್ತದೆ. ಮೂರು ಬೆರಳಲ್ಲಿ ಹಿಡಿದು, ತೋರುಬೆರಳನ್ನು ಗರಗಸದ ಉದ್ದಕ್ಕೆ ಚಾಚು.

ಈಗ ಅಂಚು ಜೋಡಿಸುವುದು, ಮಣೆಯ ಮುಖ್ಯ ಕೆಲಸ. ಎರಡು ಹಲಗೆಯ ಮೇಲ್ಮುಖಗಳನ್ನು ಪುಸ್ತಕ ಮುಚ್ಚಿದ ಹಾಗೆ ಒಂದಕ್ಕೊಂದು ಆನಿಸಿ, ಕೂಡಬೇಕಾದ ಅಂಚುಗಳು ಮೇಲೆ ಬರುವಂತೆ ಟೇಬಲ್ಲಿನ ಪಕ್ಕಕ್ಕೆ ಕ್ಲಾಂಪ್ ಹಾಕಿ ಬಿಗಿ. ಎರಡೂ ಸೇರಿ ಒಂದೂವರೆ ಇಂಚು, ರಂದಾದ ಅಲಗು ಎರಡು ಇಂಚು, ಒಟ್ಟಿಗೇ ಹೊಡೆಯಬಹುದು. ರಂದಾ ಸ್ವಲ್ಪ ವಾಲಿ ಅಂಚು ಓರೆಯಾದರೂ ಚಿಂತೆಯಿಲ್ಲ, ಬಿಡಿಸಿ ಕೂಡಿಸಿದಾಗ ಒಂದರ ಓರೆ ಇನ್ನೊಂದರ ಓರೆಯನ್ನು ನುಂಗಿ ಮೇಲ್ಮೈ ಸಪಾಟಾಗುತ್ತದೆ. ಹೊಡೆಯುವಾಗ ಶುರುವಿನಲ್ಲಿ ಒತ್ತು ರಂದಾದ ಮುಂಭಾಗಕ್ಕೆ, ಕೊನೆಯಲ್ಲಿ ಹಿಂಭಾಗಕ್ಕೆ ಬೀಳಲಿ, ಇಲ್ಲದಿದ್ದರೆ ಎರಡೂ ತುದಿ ತಗ್ಗಾಗಿ ನಡು ಉಬ್ಬುತ್ತದೆ. ಎಳೆ ಕಿತ್ತು ಬಂದರೆ ಎದುರು ದಿಕ್ಕಿನಿಂದ ಹೊಡಿ. ಕೂಡಿಸಿ ಕಿಟಕಿಗೆ ಹಿಡಿ. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ ನಡೆದೀತು, ಕ್ಲಾಂಪ್ ಅದನ್ನು ಎಳೆದುಕೊಳ್ಳುತ್ತದೆ. ತುದಿಯಲ್ಲಿ ಬೆಳಕು ಕಂಡರೆ ಮತ್ತೆ ರಂದಾ.

ಮಣೆಗೆ ನೀರು ತಾಗುವುದರಿಂದ ನೀರು ತಡೆಯುವ ಅಂಟು, ಫೆವಿಕಾಲ್ ಮರೀನ್ ತರಹದ್ದು ತಾ. ಸಾಗವಾನಿಯಲ್ಲಿ ಎಣ್ಣೆಯಿದೆ, ಅಂಟು ಹಚ್ಚುವ ಮೊದಲು ಅಂಚನ್ನು ಥಿನ್ನರಿನಿಂದ ಒರೆಸು. ಉದ್ದದ ಕ್ಲಾಂಪ್ ಇಲ್ಲದಿದ್ದರೆ ದಪ್ಪ ಪ್ಲೈ ಮೇಲೆ ಎರಡು ಪಟ್ಟಿ ಮೊಳೆ ಹೊಡೆದು, ನಡುವೆ ಹಲಗೆ ಇಟ್ಟು, ಜೋಡಿ ಬೆಣೆ ಬಡಿದರೆ ಅಷ್ಟೇ ಬಿಗಿ ಬರುತ್ತದೆ. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸು, ಇಲ್ಲದಿದ್ದರೆ ಮಣೆ ಪ್ಲೈಗೇ ಅಂಟುತ್ತದೆ. ಹೊರಬಂದ ಅಂಟನ್ನು ಹಸಿಯಿದ್ದಾಗ ಒರೆಸಬೇಡ, ಎಳೆಯೊಳಗೆ ಹೋಗಿ ಎಣ್ಣೆ ಹಚ್ಚಿದಾಗ ಬಿಳಿಚು ಕಲೆ ಆಗುತ್ತದೆ. ರಬ್ಬರಿನಷ್ಟು ಗಟ್ಟಿಯಾದಾಗ ಉಳಿಯಿಂದ ಕೆರೆ. ಒಂದು ದಿನ ಪೂರ್ತಿ ಬಿಟ್ಟು, 14 ಇಂಚು ಉದ್ದ 11 ಇಂಚು ಅಗಲಕ್ಕೆ ಕೊಯ್ದುಕೋ.

ಕಾಲುಪಟ್ಟಿ ಎರಡು, ಒಂದೊಂದು ಒಂಬತ್ತೂವರೆ ಇಂಚು. ಹಲಗೆಯ ಎಳೆಗೆ ಅಡ್ಡಲಾಗಿ, ಎರಡೂ ತುದಿಯಿಂದ ಎರಡೆರಡು ಇಂಚು ಒಳಗೆ. ಇಲ್ಲಿ ಅಂಟು ಹಚ್ಚಲೇಬಾರದು. ಶ್ರಾವಣದಲ್ಲಿ ಬಿಗಿದುಕೊಳ್ಳುವ ಬಾಗಿಲು ಯುಗಾದಿ ಹೊತ್ತಿಗೆ ಸಡಿಲಾಗುವುದನ್ನು ನೋಡಿದ್ದಿಯಲ್ಲ? ಕಟ್ಟಿಗೆ ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ, ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 11 ಇಂಚಿನ ಮಣೆ ಮಳೆಗಾಲಕ್ಕೂ ಬೇಸಿಗೆಗೂ ಒಂದೆರಡು ಮಿ.ಮೀ. ಆಚೀಚೆ ಆಗುತ್ತದೆ, ಅಡ್ಡ ಕೂತ ಪಟ್ಟಿ ಜಗ್ಗುವುದಿಲ್ಲ. ಅಂಟು ಹಾಕಿ ಕಟ್ಟಿದರೆ ಬೇಸಿಗೆಯಲ್ಲಿ ಹಲಗೆಯೇ ಸೀಳುತ್ತದೆ. ಹಾಗಾಗಿ ಪಟ್ಟಿಗೆ ಮೂರು ಸ್ಕ್ರೂ. ನಡುವಿನದಕ್ಕೆ 5 ಮಿ.ಮೀ. ದುಂಡು ತೂತು, ಎರಡು ಪಕ್ಕದವಕ್ಕೆ ಒತ್ತೊತ್ತಾಗಿ ಎರಡು ತೂತು ಕೊರೆದು, ಅವುಗಳ ನಡುವೆ ಉಳಿದ ಕಟ್ಟಿಗೆಯನ್ನು ಉಳಿಯಿಂದ ತೆಗೆದು, ಪಟ್ಟಿಯ ಉದ್ದಕ್ಕೆ 10 ಮಿ.ಮೀ. ಉದ್ದನೆಯ ತೂತು ಮಾಡು. ಸ್ಕ್ರೂ 8ನೇ ನಂಬರಿನದು, ಒಂದೂವರೆ ಇಂಚು, ದುಂಡು ತಲೆ, ಕೆಳಗೆ ವಾಷರ್. ಹಲಗೆಯಲ್ಲಿ 3 ಮಿ.ಮೀ. ತೂತು, 10 ಮಿ.ಮೀ. ಆಳ ಮಾತ್ರ. ಡ್ರಿಲ್ ಬಿಟ್ಟಿಗೆ ಆ ಅಳತೆಗೆ ಟೇಪು ಸುತ್ತಿಕೋ, ಇಲ್ಲದಿದ್ದರೆ ಮಣೆಯ ಮುಖದಲ್ಲಿ ತೂತು ಬೀಳುತ್ತದೆ. ಸ್ಕ್ರೂವಿಗೆ ಮೇಣ ಸವರಿ ತಿರುಗಿಸು.

80, 120, 180 ನಂಬರಿನ ಪಾಲಿಶ್ ಪೇಪರು ಎಳೆಯ ಉದ್ದಕ್ಕೇ ಉಜ್ಜು, ಅಡ್ಡ ಉಜ್ಜಿದ ಗೀರು ಎಣ್ಣೆ ಬಿದ್ದಮೇಲೆ ಎದ್ದು ಕಾಣುತ್ತದೆ. ಕೊನೆಗೆ ಅಗಸಿ ಎಣ್ಣೆ. ಗಾಣದ ಹಸಿ ಎಣ್ಣೆ ವಾರಗಟ್ಟಲೆ ಒಣಗುವುದಿಲ್ಲ, ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್‌ಸೀಡ್ ತಾ. ತೆಳ್ಳಗೆ ಹಚ್ಚಿ, ಕಾಲು ತಾಸು ಬಿಟ್ಟು ಉಳಿದದ್ದನ್ನೆಲ್ಲ ಒರೆಸಿ ತೆಗಿ. ಹೀಗೆ ಎರಡು ಮೂರು ಸಲ, ನಡುವೆ ಒಂದೊಂದು ದಿನ ಬಿಟ್ಟು. ಅಡಿಗೆಯ ಶೇಂಗಾ ಎಣ್ಣೆ ಬೇಡ, ಅದು ಎಂದೂ ಒಣಗದೆ ಜಿಡ್ಡಾಗುತ್ತದೆ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ, ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ತಂತಿಗೆ ಬಿಡಿಸಿ ಹಾಕು.

ರಾತ್ರಿ ಒಂಬತ್ತರ ಮೇಲೆ ಕೊಡತಿ ಬಡಿಯಬೇಡ, ಕೆಳಗಿನ ಮನೆಯವರಿಗೆ ತೊಂದರೆ. ಟೇಬಲ್ಲಿನ ಕಾಲಿಗೆ ಗೋಣಿಚೀಲ ಮಡಚಿ ಕೊಟ್ಟರೆ ಸಪ್ಪಳ ಇಳಿಯುತ್ತದೆ. ಹಲಗೆ ತಂದ ಮೇಲೆ ಅದರ ಅಂಚಿನ ಫೋಟೊ ಕಳಿಸು, ಎಳೆ ನೋಡಿ ರಂದಾ ಯಾವ ಕಡೆಯಿಂದ ಹೊಡೆಯಬೇಕು ಅಂತ ಬರೆಯುತ್ತೇನೆ. ನನ್ನ ಹಳೆ ಸಾಣೆಕಲ್ಲು ನಡುವೆ ತಗ್ಗಾಗಿದೆ, ಅದನ್ನು ಕೇಳಬೇಡ, ಹೊಸದೇ ತಗೋ.

ನಿನ್ನ ಅಪ್ಪ
ಹುಬ್ಬಳ್ಳಿ