ಅಟ್ಟದ ಮೇಲಿನ ಟ್ರಂಕನ್ನು ಗುಜರಿಗೆ ಹಾಕಬೇಡಿ

ಸಾಂಟಾ ಕ್ಲಾರಿಟಾ, ಕ್ಯಾಲಿಫೋರ್ನಿಯಾ
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ, ಮಾತೃಶ್ರೀ ಅಮ್ಮನಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವು ಮೂವರೂ ಕ್ಷೇಮ. ಅಮ್ಮ, ನಿನ್ನ ಮಂಡಿ ನೋವು ಹೇಗಿದೆ? ಅತ್ತಿಗೆಗೆ ಹೇಳಿ ಎಣ್ಣೆ ತಿಕ್ಕಿಸಿಕೋ, ಸುಮ್ಮನೆ ಸಹಿಸಿಕೊಂಡು ಕೂರಬೇಡ.

ನಿನ್ನೆ ಫೋನಿನಲ್ಲಿ ಅಣ್ಣ ಒಂದು ಸುದ್ದಿ ಹೇಳಿದ. ಯುಗಾದಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೀರಂತೆ, ಅಟ್ಟ ಖಾಲಿ ಮಾಡಬೇಕಂತೆ, ನನ್ನ ಹಸಿರು ಟ್ರಂಕಿನ ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಹಾಕುವುದಂತೆ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಅಮ್ಮ ಫೋನು ಕಸಿದುಕೊಂಡು ಹೊಳಲ್ಕೆರೆ ಮದುವೆಯ ಕತೆ ಶುರು ಮಾಡಿದಳು. ಕೊನೆಗೆ ಅಣ್ಣನಿಗೆ 'ಟ್ರಂಕು ಮುಟ್ಟಬೇಡ' ಅಂತ ಮೂರು ಸಲ ಹೇಳಿ ಇಟ್ಟಿದ್ದೇನೆ. ಯಾಕೆ ಮುಟ್ಟಬಾರದು ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಈ ಪತ್ರ. ಅಪ್ಪ, ಇದನ್ನು ನೀವೇ ಗಟ್ಟಿಯಾಗಿ ಓದಿ ಎಲ್ಲರಿಗೂ ಹೇಳಬೇಕು.

ಆ ಟ್ರಂಕಿನಲ್ಲಿ ಹನ್ನೊಂದು ಕ್ಯಾಸೆಟ್ಟುಗಳಿವೆ. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬಾಹ್ಯಾಕಾಶ ನೌಕೆಯ ಕತೆಯ ಅಮೆರಿಕದ ಸರಣಿ ಸ್ಟಾರ್ ಟ್ರೆಕ್ ಬರುತ್ತಿತ್ತಲ್ಲ, ಆಗ ನಾನು ನಮ್ಮ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಇದ್ದ ಟೂ ಇನ್ ಒನ್ ಅನ್ನು ಸ್ಟೂಲಿನ ಮೇಲಿಟ್ಟು, ಟಿವಿಯ ಸ್ಪೀಕರಿಗೆ ಅಂಟಿಸಿ ರೆಕಾರ್ಡ್ ಮಾಡುತ್ತಿದ್ದೆ. ಚಿತ್ರ ಹಿಡಿಯುವ ಯಂತ್ರ ನಮ್ಮ ಬೀದಿಯಲ್ಲೇ ಯಾರ ಮನೆಯಲ್ಲೂ ಇರಲಿಲ್ಲ. ದನಿಯಾದರೂ ಉಳಿಯಲಿ ಅಂತ ನನ್ನ ಆಸೆ. ಅರ್ಧ ಗಂಟೆ ಮುಂಚೆಯೇ ಎಲ್ಲರಿಗೂ 'ಯಾರೂ ಮಾತಾಡಬಾರದು' ಅಂತ ಹೇಳಿಬರುತ್ತಿದ್ದೆ. ಒಬ್ಬರೂ ಕೇಳಲಿಲ್ಲ, ದೇವರು ದೊಡ್ಡವನು. ಆ ನೌಕೆಯ ನಾಯಕ ಕ್ಯಾಪ್ಟನ್ ಕರ್ಕ್ ಶತ್ರು ನೌಕೆಗೆ ಎಚ್ಚರಿಕೆ ಕೊಡುವ ಹೊತ್ತಿಗೆ ಸರಿಯಾಗಿ ಅಮ್ಮನ ಒಗ್ಗರಣೆ ಚುಂಯ್ ಅನ್ನುತ್ತದೆ. ಅಷ್ಟು ಒಳ್ಳೆಯ ಲೇಸರ್ ಬಂದೂಕಿನ ಸದ್ದನ್ನು ಹಾಲಿವುಡ್ಡಿನಲ್ಲಿ ಇನ್ನೂ ಯಾರೂ ಮಾಡಿಲ್ಲ. ಅಪ್ಪ, ನಿಮ್ಮ ಅನುವಾದವೂ ಇದೆ: ಅರ್ಧ ಇಂಗ್ಲಿಷು, ಅರ್ಧ ಭೂಗೋಳದ ಪಾಠ. ವಲ್ಕನ್ ಗ್ರಹದವರು ಅಂದರೆ ಮರುಭೂಮಿಯ ಜನ, ಅದಕ್ಕೇ ಮಾತು ಕಡಿಮೆ ಅಂದಿದ್ದಿರಿ. ನಾಯಕನಹಟ್ಟಿ ಕಡೆಯವರೂ ಮಳೆ ಇಲ್ಲದ ಊರಿನವರೇ, ಅವರ ಮಾತು ಯಾಕೆ ನಿಲ್ಲಲ್ಲ ಅಂತ ಅಮ್ಮ ಅಡುಗೆಮನೆಯಿಂದ ಕೇಳಿದ್ದಳು.

ಎಲ್ಲಕ್ಕಿಂತ ಹೆಚ್ಚಾಗಿ ಅಜ್ಜಿ ಇದ್ದಾಳೆ. ಅಜ್ಜಿಗೆ ಇಂಗ್ಲಿಷು ಒಂದಕ್ಷರ ಬರುತ್ತಿರಲಿಲ್ಲ, ಆದರೆ ಆ ಸರಣಿಯನ್ನು ಅವಳಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರನ್ನು ನಾನು ಈ ದೇಶದಲ್ಲೂ ನೋಡಿಲ್ಲ. 'ಪಾಳೇಗಾರ ಅಂದ್ರೆ ಹಂಗಿರ್ಬೇಕು, ತಾನೇ ಮುಂದೆ ಇಳೀಬೇಕು' ಅಂತ ಕ್ಯಾಪ್ಟನ್ ಬಗ್ಗೆ ಹೇಳಿದಳು. ಗ್ರಹಕ್ಕೆ ಇಳಿಯುವ ಗುಂಪಿನಲ್ಲಿ ಹೊಸ ಮುಖ ಕಂಡರೆ ಸಾಕು, 'ಈ ಹುಡುಗ ಉಳಿಯಲ್ಲ ನೋಡ್ತಿರಿ' ಅನ್ನುತ್ತಿದ್ದಳು. ಐದು ನಿಮಿಷದಲ್ಲಿ ಅವನು ನೆಲಕ್ಕುರುಳುತ್ತಿದ್ದ. ಅಮೆರಿಕದ ಅಭಿಮಾನಿಗಳು ಇದನ್ನೇ ಕೆಂಪು ಅಂಗಿಯ ನಿಯಮ ಅನ್ನುತ್ತಾರೆ: ಕೆಂಪಂಗಿಯವನು ಬದುಕಿ ವಾಪಸ್ ಬರುವುದು ಕಷ್ಟ. ನಮ್ಮದು ಕಪ್ಪುಬಿಳುಪು ಟಿವಿ. ಅಜ್ಜಿ ಬಣ್ಣ ನೋಡದೆಯೇ ಮುಖ ನೋಡಿ ಹೇಳಿದಳು.

ಆ ವಲ್ಕನ್ ಗ್ರಹದ ಸ್ಪಾಕ್ ಕೈ ಎತ್ತಿ, ಬೆರಳು ಎರಡೆರಡಾಗಿ ಅಗಲಿಸಿ ನಮಸ್ಕಾರ ಹೇಳುತ್ತಾನಲ್ಲ, ಆ ನಟ ಲಿಯೊನಾರ್ಡ್ ನಿಮೋಯ್ ಅದನ್ನು ಕಲಿತದ್ದು ತನ್ನ ಬಾಲ್ಯದಲ್ಲಿ, ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ. ಪುರೋಹಿತರು ಜನರಿಗೆ ಆಶೀರ್ವಾದ ಮಾಡುವಾಗ ಕೈ ಹಾಗೆ ಹಿಡಿಯುತ್ತಾರಂತೆ. ಆ ನಮಸ್ಕಾರದ ಜೊತೆಗಿನ ಮಾತಿನ ಅರ್ಥ 'ಬಹುಕಾಲ ಬಾಳು, ಸಮೃದ್ಧಿಯಾಗಿರು' ಅಂತ. ಇದನ್ನೆಲ್ಲ ನಾನು ಇಲ್ಲಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಆದರೆ ನಾಲ್ಕನೇ ಕ್ಯಾಸೆಟ್ಟಿನಲ್ಲಿ ಸ್ಪಾಕ್ ಮಾತು ಮುಗಿಸಿದ ಕೂಡಲೇ ಅಜ್ಜಿ ಟಿವಿಗೆ 'ನೀನೂ ನೂರ್ಕಾಲ ಬಾಳಪ್ಪಾ' ಅಂತಾಳೆ. ಅದು ಆಶೀರ್ವಾದ ಅಂತ ಅವಳಿಗೆ ಯಾರು ಹೇಳಿದ್ದರು? ಅಪ್ಪ, ಅಜ್ಜಿಯ ದನಿ ನಮ್ಮ ಮನೆಯಲ್ಲಿ ಉಳಿದಿರುವುದು ಅದೊಂದೇ ಟ್ರಂಕಿನಲ್ಲಿ.

ಮೂರು ವಾರದ ಹಿಂದೆ ನಾನು ನಿಮ್ಮ ಮೊಮ್ಮಗಳನ್ನು ಕರೆದುಕೊಂಡು ವಾಸ್ಕೆಝ್ ರಾಕ್ಸ್ ಅನ್ನುವ ಜಾಗಕ್ಕೆ ಹೋಗಿದ್ದೆ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ಇಷ್ಟು ವರ್ಷ ಹೋಗದೆ ಇದ್ದದ್ದು ಇಲ್ಲಿನ ಜೀವನದ ಗಡಿಬಿಡಿಯಿಂದ. ನೆಲದಿಂದ ಓರೆಯಾಗಿ ಎದ್ದು ನಿಂತ ಬಂಡೆಗಳು, ಯಾರೋ ಚಪ್ಪಡಿ ಎತ್ತಲು ಹೋಗಿ ಅರ್ಧಕ್ಕೇ ಬಿಟ್ಟು ಊಟಕ್ಕೆ ಹೋದ ಹಾಗೆ. ದೊಡ್ಡದು ಸುಮಾರು 45 ಮೀಟರ್ ಎತ್ತರ. ಸ್ಟುಡಿಯೋಗಳಿಗೆ ಹತ್ತಿರ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು ಅಂತ ಸಿನಿಮಾದವರು ಬೇರೆ ಗ್ರಹ ಬೇಕಾದಾಗಲೆಲ್ಲ ಅಲ್ಲಿಗೇ ಹೋಗುತ್ತಾರೆ. 1967ರ ಜನವರಿಯಲ್ಲಿ ಪ್ರಸಾರವಾದ ಕಂತಿನಲ್ಲಿ ಕ್ಯಾಪ್ಟನ್ ಹಲ್ಲಿಯಂಥ ಗಾರ್ನ್ ಜೊತೆ ಕಾದಾಡಿದ್ದು ಅಲ್ಲೇ. ಕಾರಿನಿಂದ ಇಳಿದವಳು ಬಂಡೆಗಳನ್ನು ನೋಡಿ ನಿಂತೇ ಬಿಟ್ಟೆ. ಅವು ನಮ್ಮ ಚಿತ್ರದುರ್ಗದ ಬಂಡೆಗಳ ಹಾಗೆ ಇಲ್ಲ. ಅವು ಮರಳುಗಲ್ಲು, ಪದರ ಪದರ. ನಮ್ಮವು ಗ್ರಾನೈಟ್, ದುಂಡು ದುಂಡು. ಆದರೆ ಬಿಸಿಲು ಬಡಿದ ಕಲ್ಲಿನಿಂದ ಏಳುವ ವಾಸನೆ ಒಂದೇ. ಕೋಟೆಯ ಬಾಗಿಲು ದಾಟಿ ಬನಶಂಕರಿ ಗುಡಿಯ ಹತ್ತಿರ ಹೋದ ಹಾಗಾಯಿತು. ಚಿಕ್ಕವಳಿದ್ದಾಗ ಆ ಕಂತು ನೋಡಿ ನಾನು 'ಇದು ನಮ್ಮ ಜೋಗಿಮಟ್ಟಿ ಕಡೆ ತೆಗೆದಿರೋದು' ಅಂತ ಹಟ ಹಿಡಿದಿದ್ದು ನಿಮಗೆ ನೆನಪಿದೆಯಾ? ವಿಷ್ಣುವರ್ಧನ್ ನಮ್ಮ ಕೋಟೆ ಮೇಲೆ ಹಾಡು ಹಾಡಿದ್ದಾರೆ, ಕ್ಯಾಪ್ಟನ್ ಯಾಕೆ ಬರಬಾರದು ಅಂತ ನನ್ನ ವಾದ.

ಆ ಕಂತಿನಲ್ಲಿ ಕ್ಯಾಪ್ಟನ್ ಕೈಯಲ್ಲಿ ಆಯುಧ ಇಲ್ಲ. ಗ್ರಹದಲ್ಲಿ ಸಿಕ್ಕ ಗಂಧಕ, ಪೆಟ್ಲುಪ್ಪು, ಇದ್ದಿಲು ಕುಟ್ಟಿ ಬೆರೆಸಿ, ಬಿದಿರಿನ ಗಳದಲ್ಲಿ ತುಂಬಿ, ಗುಂಡಿನ ಬದಲು ವಜ್ರ ಹಾಕಿ ತೋಪು ಹಾರಿಸುತ್ತಾನೆ. ಅದನ್ನು ನೋಡಿದ ಮಧ್ಯಾಹ್ನವೇ ನೀವು ನನ್ನನ್ನು ಕೋಟೆಗೆ ಕರೆದುಕೊಂಡು ಹೋಗಿ ಮದ್ದು ಬೀಸುವ ಕಲ್ಲು ತೋರಿಸಿದಿರಿ. ಹಳ್ಳದಲ್ಲಿ ಕೂತ ಆ ನಾಲ್ಕು ಭಾರಿ ಕಲ್ಲುಗಳನ್ನು ತೋರಿಸಿ, ಕ್ಯಾಪ್ಟನ್ ಕೈಯಲ್ಲಿ ಮಾಡಿದ್ದನ್ನೇ ನಮ್ಮ ನಾಯಕರು ಇಲ್ಲಿ ಮಣಗಟ್ಟಲೆ ಮಾಡಿಸುತ್ತಿದ್ದರು, ಅವೇ ಮೂರು ಸಾಮಾನು ಅಂದಿರಿ. ವಿಜ್ಞಾನ ಅನ್ನುವುದು ನನಗೆ ಹಿಡಿದದ್ದು ಆ ಮಧ್ಯಾಹ್ನ. ಅಜ್ಜಿ ಮಾತ್ರ ಮನೆಯಲ್ಲಿ ಬೇರೆ ತೀರ್ಪು ಕೊಟ್ಟಿದ್ದಳು: 'ಅಷ್ಟು ನಿಧಾನಕ್ಕೆ ಬರೋ ಹಲ್ಲಿಗೆ ಮದ್ದು ಯಾಕೆ? ನಮ್ಮ ಓಬವ್ವನ ಕಿಂಡೀಲಿ ಬರಲಿ, ಒಂದು ಒನಕೆ ಸಾಕು.' ಕೊನೆಗೆ ಕ್ಯಾಪ್ಟನ್ ಬಿದ್ದ ಶತ್ರುವನ್ನು ಕೊಲ್ಲದೆ ಬಿಟ್ಟಾಗ ಮಾತ್ರ 'ಭೇಷ್' ಅಂದಳು. ಕ್ಯಾಸೆಟ್ಟಿನಲ್ಲಿ ಅದೂ ಇದೆ.

ಅಮ್ಮ, ಈ ಮಾತು ನಿನಗೆ. ಸ್ಟಾರ್ ಟ್ರೆಕ್ ಮಾಡಿದವರು ನಿನ್ನ ಹಾಗೆಯೇ ಸಂಸಾರ ಮಾಡಿದವರು. 1966ರ ಸೆಪ್ಟೆಂಬರ್ 8ರಂದು ಪ್ರಸಾರವಾದ ಮೊದಲ ಕಂತಿನಲ್ಲಿ ಉಪ್ಪಿಗಾಗಿ ಹಾತೊರೆಯುವ ಒಂದು ಪ್ರಾಣಿ ಬರುತ್ತದೆ. ಅದಕ್ಕೆಂದು ಚಿತ್ರವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳನ್ನು ಕೊಂಡು ತಂದರು. ನೋಡಿದರೆ ಅವು ಉಪ್ಪಿನ ಡಬ್ಬಿ ಅಂತ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಎಸೆಯಲಿಲ್ಲ ಅವರು. ನೌಕೆಯ ಡಾಕ್ಟರಿಗೆ ಕೊಟ್ಟು ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡಿಬಿಟ್ಟರು! ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ, ಸಾರಿನ ಪುಡಿ ಡಬ್ಬಿಯಲ್ಲಿ ಗುಂಡಿ ಸೂಜಿ ಇಡುವ ನಿನಗೆ ಅವರ ಬುದ್ಧಿ ಥಟ್ಟನೆ ಅರ್ಥವಾಗುತ್ತದೆ. ಮನುಷ್ಯರನ್ನು ಮಿಣಮಿಣ ಬೆಳಕಿನಲ್ಲಿ ಮಾಯ ಮಾಡಿ ಗ್ರಹಕ್ಕೆ ಇಳಿಸುವುದೂ ಹೀಗೇ ಹುಟ್ಟಿದ್ದು. ವಾರ ವಾರ ಅಷ್ಟು ದೊಡ್ಡ ನೌಕೆ ಇಳಿಯುವ ದೃಶ್ಯ ಚಿತ್ರಿಸಲು ಅವರ ಹತ್ತಿರ ದುಡ್ಡಿರಲಿಲ್ಲ.

ನಮ್ಮ ಲ್ಯಾಬಿನಲ್ಲಿ ವೇಲ್ಸ್ ದೇಶದ ಗೆಳತಿಯೊಬ್ಬಳಿದ್ದಾಳೆ. ಅವಳಿಂದ ನನಗೆ 'ಡಾಕ್ಟರ್ ಹೂ' ಅನ್ನುವ ಟಿವಿ ಸರಣಿಯ ಹುಚ್ಚೂ ಹಿಡಿದಿದೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದದ್ದು. ಪೊಲೀಸರಿಗೆ ಫೋನು ಮಾಡಲು ಬೀದಿಯಲ್ಲಿ ಇಡುತ್ತಿದ್ದಂಥ ನೀಲಿ ಬಣ್ಣದ ಪೆಟ್ಟಿಗೆಯಲ್ಲಿ ಕೂತು ಕಾಲದಲ್ಲಿ ಓಡಾಡುವವನ ಕತೆ. ಹೊರಗಿನಿಂದ ಬೀರುವಿನಷ್ಟು, ಒಳಗೆ ಹೋದರೆ ಛತ್ರದಷ್ಟು. ಆ ಪೆಟ್ಟಿಗೆ ಹೊರಡುವಾಗ ಬರುವ ಗೊರಗೊರ ಸದ್ದನ್ನು ಮಾಡಿದ್ದು ಪಿಯಾನೋ ತಂತಿಯ ಮೇಲೆ ಮನೆಯ ಬೀಗದ ಕೈ ಎಳೆದು. ಅವನ ವೈರಿಗಳು ಡಾಲೆಕ್‌ಗಳು: ಉಕ್ಕಿನ ಹಗೇವಿನಂಥ ಮೈ, ಕೈ ಜಾಗದಲ್ಲಿ ಬಚ್ಚಲು ಕಟ್ಟಿಕೊಂಡರೆ ಒತ್ತುವ ರಬ್ಬರ್ ಬಟ್ಟಲು. ಕೆಳಗೆ ಕಾಲಿಲ್ಲ, ಮೆಟ್ಟಿಲು ಹತ್ತಲಾರವು ಅಂತ ಇಂಗ್ಲೆಂಡಿನ ಮಕ್ಕಳು ಎಷ್ಟೋ ವರ್ಷ ಧೈರ್ಯವಾಗಿದ್ದರು. ನಮ್ಮ ಏಳು ಸುತ್ತಿನ ಕೋಟೆಗೆ ಅವು ಮುತ್ತಿಗೆ ಹಾಕಿದ್ದರೆ ಮೊದಲ ಮೆಟ್ಟಿಲಲ್ಲೇ ಕೂತು ಮಂಡಕ್ಕಿ ತಿನ್ನಬೇಕಾಗುತ್ತಿತ್ತು ಅಂತ ಗೆಳತಿಗೆ ಹೇಳಿದೆ. 1988ರಲ್ಲಿ ಒಂದು ಡಾಲೆಕ್ ಗಾಳಿಯಲ್ಲಿ ತೇಲಿ ಮೆಟ್ಟಿಲು ಹತ್ತಿಯೇ ಬಿಟ್ಟಿತು ಅಂತ ಅವಳು ಮೆಲ್ಲಗೆ ಹೇಳಿದಳು. ಆಮೇಲೆ ಓಬವ್ವನೇ ಗತಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಕಾಲದಲ್ಲಿ ವಿಡಿಯೋ ಟೇಪು ದುಬಾರಿ. ಬಿಬಿಸಿಯವರು ಹಳೆಯ ಕಂತುಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ಹಾಕಿದರು. ಫಿಲ್ಮ್ ಪ್ರತಿಗಳನ್ನೂ ಎಸೆದರು. ಅರವತ್ತರ ದಶಕದ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಇಲ್ಲ. ಅಣ್ಣನಿಗೆ ಇದು ಅರ್ಥವಾಗಬೇಕು, ಯಾಕೆಂದರೆ ನನ್ನ ಏಳನೇ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡು ಬಂದವನು ಅವನೇ. ಮೂರು ದಿನ ನಾನು ಅವನ ಹತ್ತಿರ ಮಾತು ಬಿಟ್ಟಿದ್ದೆ. ಕಳೆದುಹೋದ ಕೆಲವು ಕಂತುಗಳು ಆಮೇಲೆ ಎಲ್ಲೆಲ್ಲಿಂದಲೋ ಬಂದವು. 1983ರಲ್ಲಿ ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಎರಡು ಸಿಕ್ಕವು. 2013ರಲ್ಲಿ ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದಲ್ಲಿ ಧೂಳು ಹಿಡಿದಿದ್ದ ಒಂಬತ್ತು ಕಂತು ಸಿಕ್ಕಿದ ಸುದ್ದಿ ಬಂತು. ಅಲ್ಲಿ ಯಾರೋ ಒಬ್ಬರು 'ಇರಲಿ ಬಿಡು' ಅಂತ ಕಪಾಟಿನಲ್ಲಿ ಬಿಟ್ಟಿದ್ದರಿಂದ ತಾನೇ! ಇನ್ನೊಂದು ಕೇಳಿ: ಚಿತ್ರ ಹೋದರೂ ಆ ಎಲ್ಲ ಕಂತುಗಳ ದನಿ ಮಾತ್ರ ಪೂರ್ತಿಯಾಗಿ ಉಳಿದಿದೆ. ಉಳಿಸಿದ್ದು ಯಾರು? ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಮನೆಯವರಿಗೆ ಸುಮ್ಮನಿರಿ ಅಂತ ಬೇಡಿಕೊಂಡ ಹುಡುಗ ಹುಡುಗಿಯರು. ನಮ್ಮ ಹಸಿರು ಟ್ರಂಕಿನ ಹಾಗೆ ಇಂಗ್ಲೆಂಡಿನ ಅಟ್ಟಗಳಲ್ಲೂ ಇದ್ದವು. ಇದನ್ನು ಓದಿದ ದಿನ ನಾನು ಲ್ಯಾಬಿನಲ್ಲಿ ಕೂತು ಅತ್ತಿದ್ದೆ ಅಪ್ಪ.

ಪತ್ರ ಬರೆಯುವುದಕ್ಕೂ ಬೆಲೆ ಇದೆ. ಸ್ಟಾರ್ ಟ್ರೆಕ್ ನಿಲ್ಲಿಸಬೇಕು ಅಂತ ಹೊರಟಾಗ ಅಭಿಮಾನಿಗಳು ಬರೆದ ರಾಶಿ ಪತ್ರಗಳಿಂದ ಮೂರನೇ ವರ್ಷಕ್ಕೆ ಮುಂದುವರಿಯಿತು. 1976ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್‌ಗೆ ಬೇರೆ ಹೆಸರು ಗೊತ್ತಾಗಿತ್ತು, ಮತ್ತೆ ಪತ್ರಗಳು ಬಂದು ಅದು ಸ್ಟಾರ್ ಟ್ರೆಕ್ ನೌಕೆಯ ಹೆಸರಿನಲ್ಲೇ ಎಂಟರ್‌ಪ್ರೈಸ್ ಆಯಿತು. ಷಟಲ್ ಅಂದ ಕೂಡಲೇ ಪುಟ್ಟನಿಗೆ ಹೇಳಬೇಕು: 2024ರ ಮಾರ್ಚ್ 22ರಂದು ನಮ್ಮ ಚಳ್ಳಕೆರೆ ಹತ್ತಿರ ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟ ಇಸ್ರೋದ ರೆಕ್ಕೆಯ ನೌಕೆ ಪುಷ್ಪಕ್, ತಾನೇ ದಾರಿ ಹಿಡಿದು ಬಂದು ರನ್‌ವೇ ಮೇಲೆ ಇಳಿಯಿತಲ್ಲ, ಅದನ್ನು ಇಲ್ಲಿ ನಡುರಾತ್ರಿ ಎದ್ದು ಕೂತು ಓದಿದೆ. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಅಂತ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನೂ ತೋಡಿದರು. ಹುಲ್ಲುಗಾವಲು ಕಳೆದುಕೊಂಡ ಕುರಿಯವರ ಸಂಕಟ ನನಗೆ ಗೊತ್ತು, ಅದನ್ನು ಮರೆತು ಈ ಮಾತು ಹೇಳುತ್ತಿಲ್ಲ. ಆದರೂ ಹಾಲಿವುಡ್ಡಿನವರಿಗೆ ಗ್ರಹ ಬೇಕಾದಾಗ ವಾಸ್ಕೆಝ್, ಇಸ್ರೋದವರಿಗೆ ಚಂದ್ರ ಬೇಕಾದಾಗ ಚಳ್ಳಕೆರೆ. ಜೋಗಿಮಟ್ಟಿ ಅಂತ ಹಟ ಹಿಡಿದ ಹುಡುಗಿ ಒಂದಷ್ಟು ಮೈಲಿ ಆಚೀಚೆ ಹೇಳಿದ್ದಳು ಅಷ್ಟೆ.

ಡಿಸೆಂಬರಿನಲ್ಲಿ ಬರುತ್ತೇವೆ. ಮೊಮ್ಮಗಳನ್ನು ನೀವು ಮರಡಿಹಳ್ಳಿಗೆ ಕರೆದುಕೊಂಡು ಹೋಗಬೇಕು. ವಾಸ್ಕೆಝ್ ಬಂಡೆಗೆ ಎರಡೂವರೆ ಕೋಟಿ ವರ್ಷ ಅಂತ ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ನಮ್ಮ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಕ್ಕೆ ಸುಮಾರು 250 ಕೋಟಿ ವರ್ಷ, ನೂರು ಪಟ್ಟು ಅಂದೆ. ನಂಬಲಿಲ್ಲ. ಅಲ್ಲಿ ಹಿಂದೆ ನೀರಿತ್ತು, ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ತಟ್ಟನೆ ತಣ್ಣಗಾಗಿ, ಒಳಗಿನದು ಉಬ್ಬಿ, ಬಾಣಲೆಯಲ್ಲಿ ಒಂದರ ಮೇಲೊಂದು ರಾಶಿ ಬಿದ್ದ ಮುದ್ದೆಗಳ ಹಾಗಾಯಿತು ಅಂತ ನನಗೆ ಹೇಳಿದ ಹಾಗೆಯೇ ಅವಳಿಗೂ ಹೇಳಿ. ಮುದ್ದೆಯ ಹೋಲಿಕೆ ಬಿಡಬೇಡಿ.

ಟ್ರಂಕಿನ ವಿಷಯ ಮತ್ತೊಮ್ಮೆ. ಅದನ್ನು ಅಜ್ಜಿಯ ಮಂಚದ ಕೆಳಗೆ ಇಡಿ. ಬಿಸಿಲು ಬೀಳುವ ಕಡೆ ಬೇಡ, ಸ್ಪೀಕರಿನ ಪಕ್ಕ ಬೇಡ, ಆಯಸ್ಕಾಂತ ದನಿ ತಿಂದುಹಾಕುತ್ತದೆ. ಪುಟ್ಟ ಎಷ್ಟೇ ಕೇಳಿದರೂ ಹಳೆಯ ಟೂ ಇನ್ ಒನ್‌ನಲ್ಲಿ ಹಾಕಬೇಡಿ, ಅದರ ರಬ್ಬರ್ ಬೆಲ್ಟು ಸಡಿಲಾಗಿರುತ್ತದೆ, ಟೇಪು ಸುತ್ತಿಕೊಂಡು ಬಿಡುತ್ತದೆ. ನಾನು ಬರುವಾಗ ಒಳ್ಳೆಯ ಪ್ಲೇಯರ್ ತರುತ್ತೇನೆ. ನಾಲ್ಕನೇದರ ಮೇಲೆ ನಿಮ್ಮ ಅಕ್ಷರದಲ್ಲಿ 'ಹಲ್ಲಿ ಮನುಷ್ಯ, ಭಾಗ ಒಂದು' ಅಂತ ಇದೆ, ಅದರ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಅಣ್ಣನಿಂದ ಇವತ್ತೇ ಮುರಿಸಿ. ಆಮೇಲೆ ಅದರ ಮೇಲೆ ಯಾರೂ ಯಾವ ಹಾಡೂ ಹಾಕಲಾರರು.

ಅಣ್ಣ ಅತ್ತಿಗೆಗೆ ನಮಸ್ಕಾರ, ಪುಟ್ಟನಿಗೆ ಮುತ್ತು.

ಇಂತಿ ನಿಮ್ಮ ಮಗಳು